ಎಣಿಕೆಯೂ ನಂಬಿಕೆಯೂ

ಶೀಳನೆರೆಯಂತಹ ಊರಿನಲ್ಲಿ ಪಂಚಾಯಿತಿ ಚುನಾವಣೆಯ ಮಾತೆತ್ತಿದರೆ, "ನಾವು ಎಷ್ಟು ಮಂದಿ ಇದ್ದೇವೆ, ಸ್ವಾಮಿ?" ಎನ್ನುವ ಕಥೋಲಿಕ ತಂದೆತಾಯಿಗಳಿದ್ದಾರೆ. ಈ ಪ್ರಶ್ನೆಗೆ ಜೋಕಿಂ ಆಳ್ವರ ಬಾಳೇ ಉತ್ತರವಾಗಿದೆ.

1907ರಲ್ಲಿ ಉಡುಪಿ ಸಮೀಪದ ಬೆಳ್ಳೆಯಲ್ಲಿ ಜನಿಸಿದ ಆಳ್ವರು ವಕೀಲರು, ಪತ್ರಕರ್ತರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಅನುಭವಿಸಿದವರು. 1943ರಲ್ಲಿ ಮುಂಬಯಿಯಲ್ಲಿ 'ಫೋರಂ' ವಾರಪತ್ರಿಕೆಯನ್ನು ಸ್ಥಾಪಿಸಿದರು.

ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನಗಳು ಬೇಡವೆಂದು ಸಂವಿಧಾನ ರಚನಾ ಸಭೆಯು 1949ರಲ್ಲಿ ನಿರ್ಧರಿಸಿತು. ಮಂಗಳೂರು ಮೂಲದ ಯೇಸುಸಭೆಯ ಗುರು ಜೆರೋಮ್ ಡಿಸೋಜರೂ ಆ ಸಭೆಯ ಸದಸ್ಯರಾಗಿದ್ದರು. ಆದ್ದರಿಂದ 1952ರಲ್ಲಿ ಉತ್ತರ ಕನ್ನಡದ ಕಡೆಯಿಂದ ಲೋಕಸಭೆಗೆ ಸ್ಪರ್ಧಿಸಿದ ಆಳ್ವರು ಸ್ವಧರ್ಮೀಯರ ಮತಗಳಿಂದಲೇ ಗೆಲ್ಲುವಂತಿರಲಿಲ್ಲ. ಅನ್ಯಧರ್ಮೀಯರ ವಿಶ್ವಾಸ ಬೇಕಿತ್ತು, ಅದು ದೊರೆಯಿತು. 1957 ಮತ್ತು 1962ರಲ್ಲಿಯೂ ಜನರು ಅವರನ್ನೇ ಆರಿಸಿದರು. ಅವರ ಪತ್ನಿ ವಯೊಲೆಟ್ ಆಳ್ವರು 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು.

ಕಾಂಗ್ರೆಸ್ಸಿನ ಬಲ ಅವರ ಬೆನ್ನಿಗಿತ್ತು, ನಿಜ. ಆದರೂ ಕ್ರೈಸ್ತನೊಬ್ಬನನ್ನು ತಮ್ಮ ಪ್ರತಿನಿಧಿಯೆಂದು ಮೂರು ಬಾರಿ ಒಪ್ಪಿದವರು ಆ ಕ್ಷೇತ್ರದ ಸಾಮಾನ್ಯ ಮತದಾರರೇ. ಎಣಿಕೆ ಹುಟ್ಟಿನಿಂದ ಬರುತ್ತದೆ. ನಂಬಿಕೆ ನಡತೆಯಿಂದ ಬರುತ್ತದೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ, ಎರಡನೆಯದು ಇದೆ.

ರಾಜಕೀಯವು ಕೊಳಕೆಂದು ಬೋಧಿಸಿ ಈ ಅಂಜಿಕೆಯನ್ನು ಬಿತ್ತಿದವರಲ್ಲಿ ನಮ್ಮಂತಹ ಗುರುಗಳೂ ಇದ್ದೇವೆ. ಅದು ತಪ್ಪೆಂದು ಒಪ್ಪಿಕೊಳ್ಳುತ್ತೇನೆ. ನೆರೆಯವರ ನಾಲೆಯ ನೀರು, ಶಾಲೆಯ ಸೂರು, ಊರಿನ ರಸ್ತೆ ನಮ್ಮ ಮಕ್ಕಳ ಚಿಂತೆಯೂ ಆಗಲಿ. ಭರಣಿಯಲ್ಲೇ ಉಳಿದ ಉಪ್ಪಿನಿಂದ ಯಾರ ಅಡುಗೆಗೂ ರುಚಿ ಬಾರದು.