ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ: ಸಾಲಿಸಿಟರ್ ಮಾಡುವುದೇನು, ಮಾಡದಿರುವುದೇನು?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಕೊಳ್ಳುವುದೂ ಸುಲಭವಲ್ಲ ಎಂಬುದು ಕ್ರಯಪತ್ರಕ್ಕೆ ಸಹಿ ಹಾಕಿದವರಿಗೆಲ್ಲ ಗೊತ್ತು. ಪರದೇಶದಲ್ಲಾದರೆ ಕಷ್ಟ ಇಮ್ಮಡಿ. ಓದಲೆಂದು ಇಂಗ್ಲೆಂಡಿಗೆ ಹೋದ ಮಕ್ಕಳು ಅಲ್ಲಿಯೇ ಕೆಲಸ ಹಿಡಿದು, ಕೆಲವು ವರ್ಷಗಳ ನಂತರ ಮನೆ ಕೊಳ್ಳಲು ಹೊರಟಾಗ ಮುಂಗಡದ ಹಣಕ್ಕೆ ಊರಿನಲ್ಲಿರುವ ತಂದೆ ತಾಯಿಯತ್ತ ನೋಡುವುದುಂಟು. ಆಗ ಫೋನಿನಲ್ಲಿ ಪದೇ ಪದೇ ಕೇಳಿಬರುವ ಮಾತು ‘ಸಾಲಿಸಿಟರ್’. ಈ ಬಗ್ಗೆ ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಕನ್ವೆಯನ್ಸಿಂಗ್ ಎಂದರೇನು?

ಸ್ಥಿರಾಸ್ತಿಯ ಹಕ್ಕನ್ನು ಕಾನೂನುಬದ್ಧವಾಗಿ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ಕೆಲಸವೇ ಕನ್ವೆಯನ್ಸಿಂಗ್. ನಮ್ಮಲ್ಲಿ ಕಾನೂನು ಓದುವವರಿಗೆ ಇದು ಹೊಸ ಪದವಲ್ಲ. ಎಲ್‌ಎಲ್.ಬಿ. ಪಠ್ಯಕ್ರಮದಲ್ಲಿ ‘ಡ್ರಾಫ್ಟಿಂಗ್, ಪ್ಲೀಡಿಂಗ್ ಅಂಡ್ ಕನ್ವೆಯನ್ಸಿಂಗ್’ ಎಂಬ ಕಡ್ಡಾಯ ವಿಷಯವೇ ಇದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇದೊಂದು ಪ್ರತ್ಯೇಕ ವೃತ್ತಿಯಾಗಿ ಬೆಳೆದಿದೆ. ಸ್ಕಾಟ್ಲೆಂಡಿನ ಕಾನೂನು ಬೇರೆ. ಇಲ್ಲಿನ ಉತ್ತರಗಳು ಅಲ್ಲಿಗೆ ಅನ್ವಯಿಸುವುದಿಲ್ಲ.

ಈ ಕೆಲಸಕ್ಕೆ ಸಾಲಿಸಿಟರರೇ ಬೇಕೆ?

ಬೇಕೆಂದೇನಿಲ್ಲ. 1804ರಿಂದ ಇದು ವಕೀಲ ವರ್ಗದ ಏಕಸ್ವಾಮ್ಯವಾಗಿತ್ತು. 1985ರ ಕಾಯಿದೆಯೊಂದು ‘ಲೈಸೆನ್ಸ್ಡ್ ಕನ್ವೆಯನ್ಸರ್’ ಎಂಬ ಹೊಸ ವೃತ್ತಿಗೆ ದಾರಿ ಮಾಡಿಕೊಟ್ಟಿತು. ಸಾಲಿಸಿಟರರು ಎಲ್ಲ ಬಗೆಯ ಕಾನೂನು ಸಲಹೆ ಕೊಡಬಲ್ಲರು. ಕನ್ವೆಯನ್ಸರ್ ಆಸ್ತಿ ವರ್ಗಾವಣೆಯಲ್ಲಿ ಪರಿಣತರು. ಸರಳ ವ್ಯವಹಾರಕ್ಕೆ ಯಾರಾದರೂ ಆದೀತು. ವಿಚ್ಛೇದನ, ಪಿತ್ರಾರ್ಜಿತ ಪಾಲು ಮುಂತಾದ ತೊಡಕುಗಳಿದ್ದರೆ ಸಾಲಿಸಿಟರರೇ ಮೇಲು. ಶುಲ್ಕದ ವಿವರವನ್ನು ಸಾಲಿಸಿಟರ್ ಸಂಸ್ಥೆಗಳು ಬಹಿರಂಗವಾಗಿ ಪ್ರಕಟಿಸಬೇಕೆಂಬ ನಿಯಮ 2018ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿತು. ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿ ಹೋಲಿಸಿ ನೋಡಬಹುದು. ಶುಲ್ಕದ ಜೊತೆಗೆ ಶೋಧನೆ, ನೋಂದಣಿ ಮುಂತಾದ ವೆಚ್ಚಗಳು ಸೇರಿವೆಯೇ ಎಂಬುದನ್ನು ಕೇಳಲು ಮರೆಯಬಾರದು.

ಬೆಲೆ ಒಪ್ಪಿಗೆಯಾದರೆ ಮನೆ ಕೊಳ್ಳುವವರದಾಯಿತೆ?

ಇಲ್ಲ. ನಮ್ಮವರು ಹೆಚ್ಚು ಎಡವುವುದು ಇಲ್ಲಿಯೇ. ಭೂಮಿಯ ಕರಾರು ಬರವಣಿಗೆಯಲ್ಲಿರಬೇಕು, ಎಲ್ಲ ಷರತ್ತುಗಳೂ ಅದರಲ್ಲಿ ಸೇರಿರಬೇಕು, ಎರಡೂ ಕಡೆಯವರ ಸಹಿ ಬೇಕು ಎಂದು 1989ರ ಕಾಯಿದೆ ಹೇಳುತ್ತದೆ. ಎರಡು ಕಡೆಯ ಕರಾರುಪತ್ರಗಳು ವಿನಿಮಯವಾಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಮಾರುವವರು ಹೆಚ್ಚು ಬೆಲೆ ಕೊಡುವ ಇನ್ನೊಬ್ಬರನ್ನು ಹಿಡಿದರೆ ಮೊದಲಿನವರು ಅದುವರೆಗೆ ಮಾಡಿದ ಖರ್ಚು ಅವರ ತಲೆಯ ಮೇಲೆಯೇ ಬೀಳುತ್ತದೆ. ಇದಕ್ಕೆ ಅಲ್ಲಿನವರು ‘ಗಜಂಪಿಂಗ್’ ಎನ್ನುತ್ತಾರೆ.

ವಿನಿಮಯವಾದ ಮೇಲೆ ಚಿತ್ರ ಪೂರ್ತಿ ಬದಲಾಗುತ್ತದೆ. ಸಾಮಾನ್ಯವಾಗಿ ಬೆಲೆಯ ಶೇ. 10ರಷ್ಟು ಮುಂಗಡ ಕೊಡಬೇಕು. ಆನಂತರ ಕೊಳ್ಳುವವರು ಹಿಂದೆ ಸರಿದರೆ ಆ ಹಣ ಕಳೆದುಕೊಳ್ಳುವ ಸ್ಥಿತಿ ಬರುತ್ತದೆ. ಎರಡು ಕಡೆಯ ಸಾಲಿಸಿಟರರು ಟೆಲಿಫೋನಿನಲ್ಲಿ ಮಾತಾಡಿಯೇ ಈ ವಿನಿಮಯವನ್ನು ಮುಗಿಸಬಹುದು; 1980ರ ಒಂದು ತೀರ್ಪು ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಬ್ಯಾಂಕಿನ ಸಾಲ ಖಚಿತವಾಗದೆ ವಿನಿಮಯಕ್ಕೆ ಒಪ್ಪಿಗೆ ಕೊಡಬಾರದು.

ಅಷ್ಟು ದಿನ ಸಾಲಿಸಿಟರ್ ಏನು ಮಾಡುತ್ತಾರೆ?

ಮಾರುವವರಿಗೆ ನಿಜಕ್ಕೂ ಹಕ್ಕಿದೆಯೇ ಎಂದು ಭೂ ನೋಂದಣಿಯ ದಾಖಲೆಯಲ್ಲಿ ಪರೀಕ್ಷಿಸುತ್ತಾರೆ. ಸ್ಥಳೀಯ ಆಡಳಿತದಲ್ಲಿ ಶೋಧನೆ ನಡೆಸಿ ಕಟ್ಟಡದ ಅನುಮತಿ, ರಸ್ತೆಯ ಸ್ಥಿತಿಗತಿ ತಿಳಿಯುತ್ತಾರೆ. ನೀರು ಮತ್ತು ಒಳಚರಂಡಿಯ ವಿವರ ತರಿಸುತ್ತಾರೆ. ಕಲ್ಲಿದ್ದಲು ತೆಗೆದ ಪ್ರದೇಶವಾದರೆ ನೆಲದಡಿಯ ಗಣಿಯ ಬಗ್ಗೆಯೂ ವಿಚಾರಿಸುತ್ತಾರೆ. ಫ್ಲ್ಯಾಟುಗಳು ಬಹುಮಟ್ಟಿಗೆ ದೀರ್ಘಾವಧಿ ಗುತ್ತಿಗೆಯವು. ಗುತ್ತಿಗೆಯಲ್ಲಿ ಇನ್ನೆಷ್ಟು ವರ್ಷ ಉಳಿದಿದೆ, ನಿರ್ವಹಣಾ ವೆಚ್ಚವೆಷ್ಟು, ನೆಲಬಾಡಿಗೆ ಇದೆಯೇ ಎಂದು ನೋಡುವುದೂ ಅವರ ಕೆಲಸ. 2022ರ ಜೂನ್ 30ರಿಂದ ಇಂಥ ಹೊಸ ಗುತ್ತಿಗೆಗಳಲ್ಲಿ ನೆಲಬಾಡಿಗೆ ಕೇಳುವುದನ್ನು ಬಹುಪಾಲು ನಿಷೇಧಿಸಲಾಗಿದೆ. ಹಳೆಯ ಗುತ್ತಿಗೆಗಳಿಗೆ ಆ ರಕ್ಷಣೆ ಇಲ್ಲ.

ಮನೆ ಗಟ್ಟಿಯಾಗಿದೆಯೇ ಎಂದು ಅವರೇ ನೋಡುತ್ತಾರೆಯೇ?

ನೋಡುವುದಿಲ್ಲ. ಸಾಲಿಸಿಟರ್ ಸಾಮಾನ್ಯವಾಗಿ ಮನೆಯ ಹೊಸ್ತಿಲನ್ನೂ ತುಳಿದಿರುವುದಿಲ್ಲ. ಗೋಡೆಯ ಬಿರುಕು, ಮಾಡಿನ ಸೋರಿಕೆ, ತೇವ ಇವನ್ನೆಲ್ಲ ಪರೀಕ್ಷಿಸುವವರು ಸರ್ವೇಯರ್. ಸಾಲ ಕೊಡುವ ಬ್ಯಾಂಕು ಮಾಡಿಸುವ ಮೌಲ್ಯಮಾಪನ ಬ್ಯಾಂಕಿನ ಹಣದ ಭದ್ರತೆಗೇ ಹೊರತು ಕೊಳ್ಳುವವರ ನೆಮ್ಮದಿಗಲ್ಲ. ‘ಕೊಳ್ಳುವವನೇ ಎಚ್ಚರವಹಿಸಲಿ’ ಎಂಬ ಹಳೆಯ ಸೂತ್ರ ಅಲ್ಲಿ ಇಂದಿಗೂ ಬಲವಾಗಿದೆ.

ತಂದೆ ತಾಯಿ ಹಣ ಕಳುಹಿಸಿದರೆ ಸಾಲಿಸಿಟರ್ ಅವರನ್ನೂ ಪ್ರಶ್ನಿಸುವುದೇಕೆ?

ಅಕ್ರಮ ಹಣದ ಚಲಾವಣೆ ತಡೆಯುವ 2017ರ ನಿಯಮಗಳಂತೆ ಹಣದ ಮೂಲವನ್ನು ತಿಳಿಯುವುದು ಅವರ ಕರ್ತವ್ಯ. ಮೈಸೂರಿನ ತಂದೆ ನಿವೇಶನ ಮಾರಿ ಹಣ ಕಳುಹಿಸಿದರೆ ಆ ಕ್ರಯಪತ್ರ, ಬ್ಯಾಂಕಿನ ವಿವರ, ಗುರುತಿನ ಚೀಟಿ ಎಲ್ಲವನ್ನೂ ಕೇಳಬಹುದು. ಇದನ್ನು ಅವಮಾನವೆಂದು ತಿಳಿಯಬೇಕಿಲ್ಲ. ಭಾರತೀಯ ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಲ್ಲಿ ಒಬ್ಬ ನಿವಾಸಿ ಒಂದು ಆರ್ಥಿಕ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್‌ವರೆಗೆ ಮಾತ್ರ ಹೊರಕ್ಕೆ ಕಳುಹಿಸಬಹುದು ಎಂಬುದನ್ನೂ ಮೊದಲೇ ಲೆಕ್ಕಹಾಕಬೇಕು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಸಾಲ ಕೊಡುವ ಬ್ಯಾಂಕು ಸಾಮಾನ್ಯವಾಗಿ ತಂದೆ ತಾಯಿಯಿಂದ ಒಂದು ಪತ್ರ ಕೇಳುತ್ತದೆ: ಈ ಹಣ ಉಡುಗೊರೆ, ಸಾಲವಲ್ಲ, ಮನೆಯಲ್ಲಿ ನಮಗೆ ಪಾಲಿಲ್ಲ ಎಂದು. ಹಾಗೆ ಬರೆದುಕೊಟ್ಟ ಮೇಲೆ ನಾಳೆ ಮಗನ ದಾಂಪತ್ಯ ಮುರಿದರೆ, ಮನೆ ಮಾರಾಟವಾದರೆ, ಹಣ ನಮ್ಮದು ಎನ್ನುವುದು ಕಷ್ಟ. ನಿವೃತ್ತಿಯ ಹಣವೆಲ್ಲ ಅದರಲ್ಲಿದ್ದರೆ ಸಹಿಗೆ ಮುನ್ನ ಎರಡು ಬಾರಿ ಯೋಚಿಸಬೇಕು. ಮಗನ ಸಾಲಿಸಿಟರ್ ಮಗನ ಪರ ಕೆಲಸ ಮಾಡುವವರು. ತಂದೆ ತಾಯಿ ಬೇರೆಯವರಿಂದಲೇ ಸಲಹೆ ಪಡೆಯುವುದು ಒಳ್ಳೆಯದು. ಮಕ್ಕಳ ಮೇಲೆ ನಂಬಿಕೆ ಇದೆಯೋ ಇಲ್ಲವೋ ಎಂಬ ಪ್ರಶ್ನೆ ಇದಲ್ಲ. ಕೊಟ್ಟದ್ದು ಏನೆಂದು ಎರಡೂ ಕಡೆಗೆ ಸ್ಪಷ್ಟವಾಗಿದ್ದರೆ ಮುಂದೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ಅಲ್ಲಿ ಮೋಸ ನಡೆಯುವುದಿಲ್ಲವೆ?

ನಡೆಯುತ್ತದೆ. 2014ರಲ್ಲಿ ಲಂಡನ್ನಿನಲ್ಲಿ ಒಬ್ಬ ವಂಚಕ ತಾನೇ ಮನೆಯ ಮಾಲೀಕನೆಂದು ನಟಿಸಿ ಸುಮಾರು 11 ಲಕ್ಷ ಪೌಂಡಿಗೆ ಪರರ ಮನೆಯನ್ನು ಒಂದು ಕಂಪನಿಗೆ ‘ಮಾರಿದ’. ಹಣ ಹೋಯಿತು, ಮನೆಯೂ ದಕ್ಕಲಿಲ್ಲ. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಕೊಳ್ಳುವವರ ಪರದ ಸಾಲಿಸಿಟರರ ಜೊತೆಗೆ ಮಾರುವವರ ಪರದವರನ್ನೂ ಹೊಣೆಗಾರರೆಂದು ತೀರ್ಮಾನಿಸಿತು. ಇನ್ನೊಂದು ಬಗೆಯ ಮೋಸವೆಂದರೆ ಸಾಲಿಸಿಟರರ ಹೆಸರಿನಲ್ಲಿ ಬರುವ ಸುಳ್ಳು ಇ-ಮೇಲ್: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹಣ ಇಲ್ಲಿಗೆ ಕಳುಹಿಸಿ’. ಇಂಥ ಪತ್ರ ಬಂದರೆ ಮೊದಲೇ ಗೊತ್ತಿದ್ದ ದೂರವಾಣಿ ಸಂಖ್ಯೆಗೆ ಕರೆ ಮಾಡಿ ವಿಚಾರಿಸಬೇಕು. ಆ ಪತ್ರದಲ್ಲಿರುವ ಸಂಖ್ಯೆಗಲ್ಲ.

ಕೀಲಿ ಕೈಗೆ ಬಂದ ಮೇಲೆ ಕೆಲಸ ಮುಗಿಯಿತೆ?

ಇಲ್ಲ. ಇಂಗ್ಲೆಂಡಿನಲ್ಲಿ 14 ದಿನಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಲ್ಯಾಂಡ್ ಟ್ಯಾಕ್ಸಿನ ವಿವರ ಸಲ್ಲಿಸಿ, ತೆರಿಗೆ ಬಂದರೆ ಕಟ್ಟಬೇಕು. ವೇಲ್ಸ್‌ನಲ್ಲಿ 2018ರಿಂದ ಬೇರೆಯೇ ತೆರಿಗೆಯಿದೆ. ಆಮೇಲೆ ಹೊಸ ಮಾಲೀಕರ ಹೆಸರು ನೋಂದಣಿಯಾಗಬೇಕು. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ವ್ಯತ್ಯಾಸವಿದೆ. 1908ರ ನಮ್ಮ ನೋಂದಣಿ ಕಾಯಿದೆಯಡಿ ಉಪನೋಂದಣಾಧಿಕಾರಿ ನೋಂದಾಯಿಸುವುದು ಪತ್ರವನ್ನು. ಮಾರಿದವನಿಗೆ ಹಕ್ಕಿತ್ತೆಂಬ ಖಾತರಿ ಅದರಿಂದ ಸಿಗದು. ಹಾಗಾಗಿಯೇ ಮೂಲಪತ್ರ, ಋಣಭಾರ ಪ್ರಮಾಣಪತ್ರಗಳನ್ನು ಹಿಂದಕ್ಕೆ ಹಿಂದಕ್ಕೆ ಹುಡುಕಬೇಕಾಗುತ್ತದೆ. 1862ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ಲ್ಯಾಂಡ್ ರಿಜಿಸ್ಟ್ರಿ ದಾಖಲಿಸುವುದು ಹಕ್ಕನ್ನೇ. ದಾಖಲೆಯ ತಪ್ಪಿನಿಂದ ನಷ್ಟವಾದರೆ ಪರಿಹಾರ ಕೊಡುವ ವ್ಯವಸ್ಥೆಯೂ ಅಲ್ಲಿದೆ.

ನಮ್ಮ ವಿದ್ಯಾರ್ಥಿಗಳು ಅಲ್ಲಿ ಸಾಲಿಸಿಟರ್ ಆಗಬಹುದೆ?

ಆಗಬಹುದು. 2021ರಲ್ಲಿ ಆರಂಭವಾದ ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಷನ್ ಎರಡು ಹಂತಗಳ ಪರೀಕ್ಷೆ. ಯಾವುದೇ ವಿಷಯದ ಪದವಿ ಅಥವಾ ಅದಕ್ಕೆ ಸಮಾನವಾದ ಅರ್ಹತೆ, ಎರಡು ವರ್ಷಗಳ ಕೆಲಸದ ಅನುಭವ, ಒಳ್ಳೆಯ ನಡತೆ ಇವು ಇತರ ಅಗತ್ಯಗಳು. ಭಾರತದಲ್ಲಿ ಈಗಾಗಲೇ ವಕೀಲರಾಗಿ ಅರ್ಹತೆ ಪಡೆದವರಿಗೆ ಆ ಎರಡು ವರ್ಷದ ಅನುಭವದ ಷರತ್ತಿಲ್ಲ. ಆಸ್ತಿ ವ್ಯವಹಾರ ಈ ಪರೀಕ್ಷೆಯ ಮುಖ್ಯ ವಿಷಯಗಳಲ್ಲೊಂದು. ಕನ್ವೆಯನ್ಸಿಂಗ್ ಎಂದರೆ ಕೇವಲ ನಮೂನೆ ತುಂಬುವ ವಿಷಯವೆಂದು ತರಗತಿಯಲ್ಲಿ ಉದಾಸೀನ ಮಾಡುವವರು ಇದನ್ನು ನೆನಪಿಡುವುದು ಲೇಸು.