ನೊರೆ ಬಾರದ ಸಾಬೂನು

ರಾಯಚೂರಿನ ವಸತಿಗೃಹಗಳಲ್ಲಿ ತಂಗುವ ಮಲೆನಾಡಿಗರು ಮೊದಲು ದೂರುವುದು ಸ್ನಾನದ ಮನೆಯ ಪುಟ್ಟ ಸಾಬೂನನ್ನು. ಎಷ್ಟು ಉಜ್ಜಿದರೂ ನೊರೆ ಬಾರದು. ದೋಷ ಸಾಬೂನಿನದಲ್ಲ, ಕೊಳವೆಬಾವಿಯ ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳದು. (ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಗೀಸರ್ ಏಕೋ!) ಅತಿಥಿ ಬಾಟಲಿ ನೀರು ಕುಡಿದು ಬೆಳಗ್ಗೆ ಹೊರಟುಬಿಡುತ್ತಾನೆ. ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲಿ ಕೊಳವೆಬಾವಿಯನ್ನೇ ನಂಬಿದವರು ಹೊರಡುವುದೆಲ್ಲಿಗೆ? ಅಲ್ಲಿನ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಕುದಿಸಿದರೆ ಅದು ಹೋಗದು, ಇನ್ನಷ್ಟು ಸಾಂದ್ರವಾಗುತ್ತದೆ. ಹಲ್ಲು, ಮೂಳೆಗಳನ್ನು ಕೆಡಿಸುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಯ ಭತ್ತಕ್ಕೆ ನೀರುಣಿಸುತ್ತದೆ, ದೇವದುರ್ಗದ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯುಂಟು. ಆ ನದಿನೀರು ಶುದ್ಧಗೊಂಡು ಮೊದಲು ಹಳ್ಳಿಗಳ ನಲ್ಲಿಗಳಿಗೆ ಬರಬೇಕು. ವಸತಿಗೃಹಗಳು ಬಾಟಲಿ ಬಿಟ್ಟು, ಶುದ್ಧೀಕರಿಸಿದ ನೀರಿನ ಹೂಜಿಯನ್ನಿಡಲಿ.