ನೆಲ್ಲಿಯ ರಸವೂ ದಣಿದ ದೇಹವೂ

ಚಳಿಗಾಲ ಬಂದಿತೆಂದರೆ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ನೆಲ್ಲಿಯ ಮರಗಳು ಕಾಯಿ ತುಂಬಿ ನಿಲ್ಲುತ್ತವೆ. ತಲೆತಲಾಂತರದಿಂದ ಅಲ್ಲಿ ಬಾಳಿರುವ ಸೋಲಿಗರು ಏರು ತಗ್ಗುಗಳನ್ನು ಹತ್ತಿಳಿದು ಅವುಗಳನ್ನು ಸಂಗ್ರಹಿಸುತ್ತಾರೆ. ನೆಲ್ಲಿಯಲ್ಲಿ ‘ಸಿ’ ಜೀವಸತ್ವವು ಕಿತ್ತಳೆಗಿಂತ ಹಲವು ಪಟ್ಟು ಅಧಿಕ; ಅದು ಉತ್ಕರ್ಷಣವನ್ನು ತಡೆಯುವ ವಸ್ತು. ಆದುದರಿಂದ ಕಠಿಣ ವ್ಯಾಯಾಮ ಮಾಡುವವರು ಇಂಥ ಹಣ್ಣಿನ ರಸವನ್ನು ಕುಡಿದಷ್ಟೂ ಒಳ್ಳೆಯದೆಂದು ಹಲವರು ನಂಬುತ್ತಾರೆ. ಈ ನಂಬಿಕೆ ಅರ್ಧಸತ್ಯವಾದುದು.

ಅತಿಯಾಗಿ ದುಡಿದ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ಆಗ ರಕ್ತದ ಬಿಳಿಯ ಕಣಗಳು ಅಲ್ಲಿಗೆ ಧಾವಿಸಿ, ಕೆಟ್ಟ ಭಾಗವನ್ನು ತೆಗೆದು, ದುರಸ್ತಿಗೆ ದಾರಿ ಮಾಡಿಕೊಡುತ್ತವೆ. ಇದೇ ಉರಿಯೂತ. ಇದನ್ನು ಶತ್ರುವೆಂದು ಬಗೆಯುವುದು ಸಲ್ಲದು.

ಹುಳಿ ಚೆರಿಹಣ್ಣಿನ ರಸ ಕುಡಿದ ಮ್ಯಾರಥಾನ್ ಓಟಗಾರರ ಸ್ನಾಯುಬಲ ಬೇಗನೆ ಮರಳಿತೆಂದು 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ತಿಳಿಸಿತು. ಆದರೆ 2009ರಲ್ಲಿ ಜರ್ಮನಿಯ ವಿಜ್ಞಾನಿಗಳು ಕಂಡುದು ಬೇರೆ: ವ್ಯಾಯಾಮದ ಜೊತೆಗೆ ನಿತ್ಯವೂ 1000 ಮಿಲಿಗ್ರಾಂ ‘ಸಿ’ ಜೀವಸತ್ವವನ್ನೂ ‘ಇ’ ಜೀವಸತ್ವವನ್ನೂ ಸೇವಿಸಿದ ತರುಣರಲ್ಲಿ, ಇನ್ಸುಲಿನ್ನಿಗೆ ಓಗೊಡುವ ದೇಹದ ಶಕ್ತಿ ಹೆಚ್ಚಲಿಲ್ಲ, ಸೇವಿಸದವರಲ್ಲಿ ಹೆಚ್ಚಿತು. ದೊಡ್ಡ ಪಂದ್ಯದ ದಿನಗಳಿಗೆ ಒಪ್ಪುವುದು ನಿತ್ಯದ ಸಾಧನೆಗೂ ಒಪ್ಪಬೇಕೆಂದಿಲ್ಲ.

ನೆಲ್ಲಿಯನ್ನು ಆಹಾರವೆಂದು ತಿನ್ನುವುದು ಲೇಸು. ನೋವನ್ನು ಅಳಿಸುವ ಮದ್ದೆಂದು ಮಿತಿಮೀರಿ ಸೇವಿಸುವುದು ತರವಲ್ಲ. ದಣಿದ ದೇಹಕ್ಕೆ ಊಟ, ನೀರು, ನಿದ್ರೆಗಳೇ ಮೊದಲು ಬೇಕಾದವು. ಬೆಟ್ಟ ಹತ್ತಿದ ಕಾಲು ಒಂದೆರಡು ದಿನ ನೋಯಬಹುದು. ಆ ನೋವು ಮಾಗಿದ ಮೇಲೆ ಅದೇ ಏರು ಹಗುರವೆನಿಸುತ್ತದೆ.